ಬಾಗಿಲಿಗೆ ಸರಿಯುವ ಪರದೆ, ಗಾರೆ ಗೋಡೆಗೆ ತಕ್ಕ ಮೊಳೆ



ಬೆಳೆಯ ವಿಷಯ ತಿಳಿಸುವ ಈ ಪುಟದಲ್ಲಿ ಬಾಗಿಲು, ಗೋಡೆಗಳ ಮಾತೇಕೆ ಎಂದು ನೀವು ಕೇಳಬಹುದು. ಅದಕ್ಕೆ ಕಾರಣವಿದೆ. ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡ ತಾಲ್ಲೂಕುಗಳಲ್ಲಿ ನೆಲಗಡಲೆ ಕೀಳುವ ಮತ್ತು ರಾಗಿ ಕೊಯ್ಯುವ ಕಾಲವೂ, ಮಳೆಯ ನಂತರ ಸೊಳ್ಳೆ ಹೆಚ್ಚುವ ಕಾಲವೂ ಒಂದರ ಬೆನ್ನಿಗೆ ಒಂದು ಬರುತ್ತವೆ. ಆ ಹೊತ್ತಿನಲ್ಲಿ ಮನೆಯಲ್ಲಿ ದುಡಿಯುವ ಇಬ್ಬರು ಜ್ವರದಿಂದ ಮಲಗಿದರೆ ಕಡಲೆಕಾಯಿ ನೆಲದಲ್ಲೇ ಮೊಳೆಯುತ್ತದೆ. ಆಳಿನ ಕೂಲಿ, ಔಷಧಿಯ ಖರ್ಚು ಎರಡೂ ಸೇರಿ ಬೆಳೆಯ ಲಾಭವನ್ನು ನುಂಗುತ್ತವೆ.

ಮದಲೂರು ಕೆರೆಗೆ ಹೇಮಾವತಿ ನೀರು ಹರಿದು ಬರಬೇಕೆಂಬುದು ಈ ಸೀಮೆಯ ಬಹುಕಾಲದ ಆಸೆ. ನೀರು ಬಂದಲ್ಲಿ ಹಸಿರು ಬರುತ್ತದೆ, ಅದರ ಜೊತೆಗೆ ಸೊಳ್ಳೆಯೂ ಬರುತ್ತದೆ. ನೀರು ಬಾರದ ದಿನಗಳಲ್ಲಿ ನಾವು ಡ್ರಮ್ಮು, ತೊಟ್ಟಿಗಳಲ್ಲಿ ತುಂಬಿಡುವ ನೀರೇ ಡೆಂಗಿ ಹರಡುವ ಈಡಿಸ್ ಸೊಳ್ಳೆಯ ತವರಾಗುತ್ತದೆ. 2024ರ ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿತು. ಈ ಸೊಳ್ಳೆ ಕಚ್ಚುವುದು ಹೆಚ್ಚಾಗಿ ಹಗಲಿನಲ್ಲಿ. ಆದುದರಿಂದ ರಾತ್ರಿಯ ಸೊಳ್ಳೆಪರದೆಯೊಂದೇ ಸಾಲದು, ಬಾಗಿಲಿಗೂ ಪರದೆ ಬೇಕು.

ಪರದೆಯಿಂದ ಪ್ರಯೋಜನವಿದೆಯೇ?

ಇದು ಪರೀಕ್ಷಿಸಿ ನೋಡಿದ ವಿಷಯ. 1900ರಲ್ಲಿ ಇಟಲಿಯ ರೋಮ್ ನಗರದ ಬಳಿಯ ಮಲೇರಿಯಾ ಪ್ರದೇಶದಲ್ಲಿ ಸ್ಯಾಂಬನ್ ಮತ್ತು ಲೋ ಎಂಬ ವೈದ್ಯರು ಬಾಗಿಲು, ಕಿಟಕಿಗಳಿಗೆ ಜಾಲರಿ ಹಾಕಿದ ಗುಡಿಸಲಿನಲ್ಲಿ ವಾಸಿಸಿದರು. ಸಂಜೆಯಾಗುತ್ತಲೇ ಒಳಗೆ ಸೇರುತ್ತಿದ್ದರು, ಕ್ವಿನೈನ್ ಸೇವಿಸಲಿಲ್ಲ. ಆದರೂ ಅವರಿಗೆ ಜ್ವರ ಬರಲಿಲ್ಲ. ಇತ್ತೀಚೆಗೆ ಆಫ್ರಿಕದ ಗ್ಯಾಂಬಿಯಾದಲ್ಲಿ ನಡೆದು 2009ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಬಾಗಿಲು, ಕಿಟಕಿ, ಸೂರಿನ ಸಂದುಗಳಿಗೆಲ್ಲ ತಡೆ ಮಾಡಿದ ಮನೆಗಳೊಳಗೆ ಮಲೇರಿಯಾ ಸೊಳ್ಳೆಗಳು ಶೇಕಡಾ 59ರಷ್ಟು ಕಡಿಮೆಯಾದವು. ತಡೆಯಿಲ್ಲದ ಮನೆಗಳ ಮಕ್ಕಳಲ್ಲಿ ಶೇಕಡಾ 19 ಮಂದಿಗೆ ರಕ್ತಹೀನತೆ ಇದ್ದರೆ, ತಡೆಯಿದ್ದ ಮನೆಗಳಲ್ಲಿ ಅದು ಶೇಕಡಾ 12 ಮಾತ್ರ.

ಯಾವ ಪರದೆ?

ಕೀಲಿನ ಜಾಲರಿ ಬಾಗಿಲು ತೆರೆಯಲು ಜಾಗ ಬೇಕು. ಜಗಲಿ ಕಿರಿದಾದಲ್ಲಿ, ಮೂಟೆ ಹೊತ್ತು ಓಡಾಡುವಲ್ಲಿ ಅದು ಅಡ್ಡಿ. ಬೇಡವಾದಾಗ ಪಕ್ಕಕ್ಕೆ ಸರಿದು ಕೊಳವೆಯೊಳಗೆ ಸುತ್ತಿಕೊಳ್ಳುವ ಸುರುಳಿ ಪರದೆ, ಬೀಸಣಿಗೆಯಂತೆ ಮಡಿಚಿಕೊಳ್ಳುವ ಮಡಿಕೆ ಪರದೆ ಇವೆರಡು ಇಂಥಲ್ಲಿ ಅನುಕೂಲ. ಸುರುಳಿ ಪರದೆಯ ಸ್ಪ್ರಿಂಗ್ ಕೈ ಬಿಟ್ಟರೆ ರಭಸದಿಂದ ಹಿಂದಕ್ಕೆ ಎಳೆಯುತ್ತದೆ, ಮಕ್ಕಳ ಬೆರಳಿಗೆ ಪೆಟ್ಟಾಗಬಹುದು. ಚಿಕ್ಕ ಮಕ್ಕಳಿರುವ ಮನೆಗೆ ಮಡಿಕೆ ಪರದೆ ಮೇಲು. ಮೇಲಿನಿಂದ ಇಳಿಯುವ ಪರದೆ ಬೇಡ. ನಮ್ಮ ಹಳೆಯ ಮನೆಗಳ ಬಾಗಿಲು ಮೊದಲೇ ತಗ್ಗು, ಕೊಳವೆ ಸೇರಿದರೆ ತಲೆಗೆ ತಾಗುತ್ತದೆ.

ಜಾಲರಿಯ ಕಣ್ಣು 1.2 ರಿಂದ 1.5 ಮಿ.ಮೀ. ಇರಲಿ. ಇದಕ್ಕಿಂತ ದೊಡ್ಡದಾದರೆ ಸೊಳ್ಳೆ ತೂರುತ್ತದೆ, ತೀರ ಚಿಕ್ಕದಾದರೆ ಬೇಸಿಗೆಯಲ್ಲಿ ಗಾಳಿಯಾಡದು. ಗಾಳಿಯಾಡದ ಪರದೆಯನ್ನು ಮನೆಯವರೇ ಸರಿಸಿಬಿಡುತ್ತಾರೆ. ವಯಸ್ಸಾದವರಿಗೆ ಜಾಲರಿ ಕಣ್ಣಿಗೆ ಬೀಳದೆ ಢಿಕ್ಕಿ ಹೊಡೆಯುವುದುಂಟು. ಆದುದರಿಂದ ಎದೆಯ ಎತ್ತರದಲ್ಲಿ ಬಣ್ಣದ ದಾರದ ಗುರುತು ಹೊಲಿಯಿರಿ.

ಅಳತೆ ಮತ್ತು ಜೋಡಣೆ

ಹಳೆಯ ಚೌಕಟ್ಟುಗಳು ಮೂಲೆಮಟ್ಟಕ್ಕೆ ಸರಿಯಾಗಿರುವುದಿಲ್ಲ. ಅಗಲವನ್ನು ಮೇಲೆ, ನಡುವೆ, ಕೆಳಗೆ ಹೀಗೆ ಮೂರು ಕಡೆ ಅಳೆಯಿರಿ. ಎತ್ತರವನ್ನೂ ಹಾಗೆಯೇ ಅಳೆಯಿರಿ. ಚೌಕಟ್ಟಿನ ಒಳಗೆ ಕೂರಿಸುವುದಾದರೆ ಅತಿ ಕಡಿಮೆ ಬಂದ ಅಳತೆಯನ್ನೇ ಅಂಗಡಿಗೆ ಕೊಡಿ. ಬಾಗಿಲು ಒಳಕ್ಕೆ ತೆರೆಯುವುದಾದರೆ ಪರದೆ ಹೊರಬದಿಗೆ ಬರಬೇಕು.

ಮುಖ್ಯ ಸೂತ್ರವೊಂದಿದೆ: ಪರದೆಯ ಪಟ್ಟಿಯನ್ನು ಆದಷ್ಟೂ ಮರದ ಚೌಕಟ್ಟಿಗೇ ತಿರುಪು ಮೊಳೆಯಿಂದ ಬಿಗಿಯಿರಿ, ಗಿಲಾವಿಗೆ ಬೇಡ. ದಿನಕ್ಕೆ ಹತ್ತಾರು ಬಾರಿ ಎಳೆದಾಡುವ ವಸ್ತುವಿನ ಅದುರನ್ನು ಗಿಲಾವು ತಾಳದು.

ಹೊಸ್ತಿಲಿಗೆ ಅರಿಶಿನ ಕುಂಕುಮವಿಟ್ಟು ಪೂಜಿಸುವ ನಮ್ಮ ಮನೆಗಳಲ್ಲಿ ಅದಕ್ಕೆ ಮೊಳೆ ಹೊಡೆಯಲು ಯಾರೂ ಒಪ್ಪುವುದಿಲ್ಲ. ಹೊಡೆಯಬೇಕಾಗಿಯೂ ಇಲ್ಲ. ಕೆಳಪಟ್ಟಿಯನ್ನು ಎರಡು ಪಕ್ಕದ ಪಟ್ಟಿಗಳಿಗೇ ಬಿಗಿದು, ಹೊಸ್ತಿಲಿಗೆ ಒತ್ತಿದಂತೆ ನಿಲ್ಲಿಸಿದರೆ ಸಾಕು. ಈ ಪಟ್ಟಿಯ ಕಾಲುವೆಯಲ್ಲಿ ದೂಳು, ರಾಗಿ ಹೊಟ್ಟು ತುಂಬಿ ಪರದೆ ಸಿಕ್ಕಿಕೊಳ್ಳುತ್ತದೆ. ವಾರಕ್ಕೊಮ್ಮೆ ಒಣ ಬ್ರಷ್ಷಿನಿಂದ ಗುಡಿಸಿ. ಎಣ್ಣೆ ಹಾಕಬೇಡಿ, ದೂಳು ಇನ್ನಷ್ಟು ಅಂಟುತ್ತದೆ.

ಕೆಲಸ ಮುಗಿದ ದಿನ ಸಂಜೆ ಪರದೆ ಮುಚ್ಚಿ, ಒಳಗೆ ದೀಪ ಹಚ್ಚಿ, ಹೊರಗೆ ನಿಂತು ನೋಡಿ. ಪಟ್ಟಿ ಮತ್ತು ಗೋಡೆಯ ನಡುವೆ ಎಲ್ಲಿ ಬೆಳಕು ಕಾಣುವುದೋ ಅಲ್ಲಿ ಸೊಳ್ಳೆಗೂ ದಾರಿಯಿದೆ. ಆ ಸಂದುಗಳನ್ನು ಮುಚ್ಚದಿದ್ದರೆ ಪರದೆಗೆ ಕೊಟ್ಟ ಹಣ ವ್ಯರ್ಥ.

ಗೋಡೆಯ ಗುಣ ಅರಿಯಿರಿ

ಸಂದು ಮುಚ್ಚುವುದಕ್ಕೂ, ಪಟ, ತೋರಣ ತೂಗುಹಾಕುವುದಕ್ಕೂ ಮೊದಲು ಗೋಡೆ ಯಾವುದೆಂದು ತಿಳಿಯಬೇಕು. ಮರೆಯ ಜಾಗದಲ್ಲಿ ಒದ್ದೆ ಬಟ್ಟೆಯಿಂದ ಉಜ್ಜಿದಾಗ ಮಣ್ಣು ಬಂದರೆ ಅದು ಮಣ್ಣಿನ ಗಿಲಾವು. ಮೊಳೆಯಿಂದ ಗೀರಿದಾಗ ಬಿಳಿ ಪುಡಿ ಸುಲಭವಾಗಿ ಉದುರಿದರೆ ಸುಣ್ಣದ ಗಾರೆ. ಗೀರು ಅಷ್ಟಾಗಿ ಮೂಡದಿದ್ದರೆ ಸಿಮೆಂಟು. ಬೆರಳ ಗೆಣ್ಣಿನಿಂದ ತಟ್ಟಿದಾಗ ಟೊಳ್ಳು ಸದ್ದು ಬಂದಲ್ಲಿ ಗಿಲಾವು ಗೋಡೆಯನ್ನು ಬಿಟ್ಟಿದೆ ಎಂದರ್ಥ. ಅಲ್ಲಿ ಏನನ್ನೂ ತೂಗುಹಾಕಬೇಡಿ.

1. ಮಣ್ಣಿನ ಗೋಡೆ: ಮೊಳೆ ನಿಲ್ಲದು. ಹಿರಿಯರು ಗೋಡೆ ಕಟ್ಟುವಾಗಲೇ ಮರದ ಗೂಟ ಸೇರಿಸುತ್ತಿದ್ದುದು ಇದೇ ಕಾರಣಕ್ಕೆ. ಎರಡು ಗೂಟಗಳ ನಡುವೆ ಮರದ ಪಟ್ಟಿ ಕಟ್ಟಿ ಅದಕ್ಕೆ ಪಟಗಳನ್ನು ಇಳಿಬಿಡಿ. ಇಲ್ಲವೆ ಮೇಲಿನ ತೊಲೆ, ಜಂತೆಗಳಿಗೆ ದಾರ ಕಟ್ಟಿರಿ.

2. ಸುಣ್ಣದ ಗಾರೆ: ಸುತ್ತಿಗೆ ಪೆಟ್ಟಿಗೆ ಚಕ್ಕೆ ಏಳುತ್ತದೆ. ಕಾಗದದ ಅಂಟುಪಟ್ಟಿ ಹಚ್ಚಿ, ಡ್ರಿಲ್ ಯಂತ್ರದ ಬಡಿಯುವ ಚಲನೆ ನಿಲ್ಲಿಸಿ, ಮೊದಲು ಸಣ್ಣ, ನಂತರ ದಪ್ಪ ಬೈರಿಗೆಯಿಂದ ನಿಧಾನವಾಗಿ ಕೊರೆಯಿರಿ. ಪ್ಲಗ್ಗು ಗಾರೆಯನ್ನು ದಾಟಿ ಒಳಗಿನ ಇಟ್ಟಿಗೆಯನ್ನು ಹಿಡಿಯಬೇಕು. ಭಾರವನ್ನು ಹೊರಬೇಕಾದುದು ಇಟ್ಟಿಗೆಯೇ ಹೊರತು ಗಾರೆಯಲ್ಲ.

3. ಸಿಮೆಂಟ್ ಗಿಲಾವು: ಪ್ಲಗ್ಗು, ತಿರುಪು ಮೊಳೆ ಚೆನ್ನಾಗಿ ನಿಲ್ಲುತ್ತವೆ. ಟೊಳ್ಳು ಸಿಮೆಂಟ್ ಇಟ್ಟಿಗೆಯಾದರೆ ಒಳಗೆ ಅರಳಿಕೊಳ್ಳುವ ಉದ್ದನೆಯ ಪ್ಲಗ್ಗನ್ನೇ ಕೇಳಿ ಪಡೆಯಿರಿ.

ತೊಟ್ಟಿಲನ್ನು ಯಾವ ಗೋಡೆಯ ಮೊಳೆಗೂ ಕಟ್ಟಬಾರದು. ಅದರ ಜಾಗ ಗಟ್ಟಿ ತೊಲೆ ಮಾತ್ರ.

ರಂಧ್ರ, ಸಂದುಗಳನ್ನು ಆಯಾ ಗೋಡೆಯ ವಸ್ತುವಿನಿಂದಲೇ ಮುಚ್ಚಿರಿ. ಮಣ್ಣಿಗೆ ಹುಲ್ಲು ಕಲಸಿದ ಮಣ್ಣು, ಸುಣ್ಣಕ್ಕೆ ಸುಣ್ಣ. ಇಂಥ ಗೋಡೆಗಳಿಗೆ ಸಿಮೆಂಟ್ ತೇಪೆ ಹಾಕಿದರೆ ಒಳಗಿನ ತೇವ ಹೊರಬರಲಾಗದೆ, ಕೆಲವು ಮಳೆಗಾಲದಲ್ಲೇ ಸುತ್ತಲಿನ ಗಿಲಾವನ್ನೂ ಎಳೆದುಕೊಂಡು ಬೀಳುತ್ತದೆ.

ತೂಗುಹಾಕುವುದರಲ್ಲಿ ಎಚ್ಚರ

ಮಾವಿನ ತೋರಣದ ಕೊಕ್ಕೆಗಳನ್ನು ಪರದೆಯ ಪಟ್ಟಿಗಿಂತ ನಾಲ್ಕು ಬೆರಳು ಮೇಲೆ, ಮರದ ಚೌಕಟ್ಟಿಗೆ ಹಾಕಿ. ಎಲೆ ಪರದೆಗೆ ಸಿಕ್ಕಬಾರದು. ಗೂಟಕ್ಕೆ ನೇತುಹಾಕಿದ ಬಟ್ಟೆಗಳ ಮರೆ, ಪಟಗಳ ಹಿಂಬದಿ ಸೊಳ್ಳೆ ಕೂರುವ ತಾಣಗಳು. ಬಟ್ಟೆಯನ್ನು ಪೆಟ್ಟಿಗೆಗೆ ಸೇರಿಸಿ, ಪಟಗಳ ಹಿಂದೆ ಆಗಾಗ್ಗೆ ಗುಡಿಸಿ.

ಜೋಳ, ಮುಸುಕಿನ ಜೋಳದ ತೆನೆಗೊಂಚಲು ಬಾಗಿಲ ಮೇಲೆ ಶೋಭೆಯೇ ಸರಿ. ಆದರೆ ಧಾನ್ಯದ ಪತಂಗ, ಮೂತಿಹುಳುಗಳು ಅದರಲ್ಲಿ ವಂಶ ಬೆಳೆಸಿ ಬೀಜದ ಚೀಲಕ್ಕೆ ದಾಟುತ್ತವೆ. ಚೆನ್ನಾಗಿ ಬಿಸಿಲಿಗೆ ಒಣಗಿಸಿಯೇ ತೂಗುಹಾಕಿ, ಬೀಜ ಇಟ್ಟ ಕೋಣೆಯಿಂದ ದೂರವಿಡಿ, ಹೊಸ ಫಸಲು ಮನೆ ಸೇರುವ ಮೊದಲೇ ಹಳೆಯ ಗೊಂಚಲನ್ನು ತೆಗೆಯಿರಿ.

ಕೊನೆಯದಾಗಿ, ಪರದೆ ತಡೆಯುವುದು ಹೊರಗಿನ ಸೊಳ್ಳೆಯನ್ನು ಮಾತ್ರ. ಒಳಗಿನ ತೊಟ್ಟಿಯಲ್ಲಿ ಹುಟ್ಟಿದ ಸೊಳ್ಳೆಗೆ ಅದೇ ಪರದೆ ಪಂಜರವಾಗಿ, ಅದು ಮನೆಯವರನ್ನೇ ಕಚ್ಚುತ್ತದೆ. ಈಡಿಸ್ ಮೊಟ್ಟೆಯಿಂದ ಸೊಳ್ಳೆಯಾಗಲು ಸುಮಾರು ಎಂಟು ಹತ್ತು ದಿನ ಸಾಕು. ವಾರಕ್ಕೊಮ್ಮೆ ತೊಟ್ಟಿ, ಡ್ರಮ್ಮುಗಳನ್ನು ಬರಿದು ಮಾಡಿ, ಒಳಗೋಡೆ ಉಜ್ಜಿ, ಒಣಗಿಸಿ ತುಂಬಿರಿ, ಮೇಲೆ ಮುಚ್ಚಿಡಿ. ಬರುವ ಕೊಯ್ಲಿಗೆ ಮೊದಲು, ಹೊಲದ ಕೆಲಸ ಬಿಡುವಿರುವಾಗ ಈ ಕೆಲಸಗಳನ್ನು ಮುಗಿಸಿಕೊಳ್ಳುವುದು ಲೇಸು.