ಕಡಲ ತೀರದಲ್ಲಿ ಸಿಕ್ಕಿದ ಉಂಗುರ ಯಾರದು?

ಲೋಹಶೋಧಕ ಯಂತ್ರ ಹಿಡಿದು ಕಡಲ ತೀರದಲ್ಲಿ ನಾಣ್ಯ, ಒಡವೆ ಹುಡುಕುವುದು ಇಂಗ್ಲೆಂಡಿನಲ್ಲಿ ಅನೇಕರ ಹವ್ಯಾಸ. ಯಂತ್ರದ ಸುರುಳಿಯಿಂದ ಹೊರಟ ಕಾಂತಕ್ಷೇತ್ರವು ಮರಳಿನಡಿಯ ಲೋಹದಲ್ಲಿ ವಿದ್ಯುತ್ತನ್ನು ಮೂಡಿಸುತ್ತದೆ; ಅದನ್ನು ಗುರುತಿಸಿ ಯಂತ್ರ ಸದ್ದು ಮಾಡುತ್ತದೆ. (ಉಪ್ಪುನೀರಿನ ಒದ್ದೆ ಮರಳು ಕೆಲವೊಮ್ಮೆ ಅದನ್ನೂ ಮೋಸಗೊಳಿಸುವುದುಂಟು.) ಆದರೆ ಸಿಕ್ಕಿದ ವಸ್ತು ಯಾರದೆಂದು ಯಂತ್ರ ಹೇಳುವುದಿಲ್ಲ.

ಕಳೆದುಹೋಗಿ ಇನ್ನೊಬ್ಬರಿಗೆ ಸಿಕ್ಕಿದ ವಸ್ತುವಿಗೆ ಶರೀಅತ್ತಿನಲ್ಲಿ 'ಲುಕತ' ಎಂದು ಹೆಸರು. ಈ ಬಗ್ಗೆ ಕೇಳಿದವರಿಗೆ ಪ್ರವಾದಿಯವರು(ಸ), ವಸ್ತುವಿನ ಚೀಲವನ್ನೂ ಅದನ್ನು ಕಟ್ಟಿದ ದಾರವನ್ನೂ ಗುರುತಿಟ್ಟುಕೊಂಡು ಒಂದು ವರ್ಷ ಸಾರಬೇಕೆಂದು ಕಲಿಸಿದರೆಂದು ಝೈದ್ ಬಿನ್ ಖಾಲಿದ್(ರ) ವರದಿ ಮಾಡಿದ್ದಾರೆ. ಈ ಗುರುತಿನ ಮಾತು ಬಹಳ ಮುಖ್ಯ. ಉಂಗುರದ ಒಳಬದಿಯಲ್ಲಿ ಹೆಸರು ಕೆತ್ತಿದ್ದರೆ ಸಾರುವಾಗ ಅದನ್ನು ಹೇಳಬಾರದು. ಹುಡುಕಿಕೊಂಡು ಬಂದವನೇ ಹೇಳಲಿ. ಇಲ್ಲದಿದ್ದರೆ ಕೇಳಿದವನೆಲ್ಲ ಒಡೆಯನಾಗುತ್ತಾನೆ! ವರ್ಷ ಕಳೆದ ಮೇಲೆ ಶಾಫಿಈ ಮದ್‌ಹಬಿನಂತೆ ಸ್ವಂತಕ್ಕೆ ಇಟ್ಟುಕೊಳ್ಳಬಹುದು. ಆದರೂ ಒಡೆಯ ಬಂದರೆ ಮರಳಿಸಬೇಕು, ಖರ್ಚಾಗಿದ್ದರೆ ಬೆಲೆ ತೆರಬೇಕು. ಹನಫಿಗಳ ಪ್ರಕಾರ ಸಿಕ್ಕಿದವನು ಅನುಕೂಲಸ್ಥನಾಗಿದ್ದರೆ ದಾನ ಮಾಡಬೇಕು.

ಹೂತಿಟ್ಟ ಹಳೆಯ ನಿಧಿಯ ವಿಷಯ ಬೇರೆ. ಇಂಗ್ಲೆಂಡಿನ 1996ರ ಕಾಯಿದೆಯಂತೆ 14 ದಿನಗಳೊಳಗೆ ಕೊರೋನರ್ ಎಂಬ ಅಧಿಕಾರಿಗೆ ತಿಳಿಸಬೇಕು. ನಮ್ಮಲ್ಲಿ 1878ರ ನಿಧಿ ಕಾಯಿದೆ ಇದೆ. 10 ರೂಪಾಯಿಗೆ ಮೇಲ್ಪಟ್ಟ ನಿಧಿ ಸಿಕ್ಕಿದರೆ ಜಿಲ್ಲಾಧಿಕಾರಿಗೆ ಲಿಖಿತವಾಗಿ ತಿಳಿಸಬೇಕು.