ಹುಮನಾಬಾದಿನ ದಾರಿಗೆ ಹಿಮಾಲಯನ್

ಹೊಸ ಗಾಡಿ ತಂದವರಿಗೆ ನಮ್ಮ ಹುಮನಾಬಾದಿನಲ್ಲಿ ಮೊದಲು ಎದುರಾಗುವ ಪ್ರಶ್ನೆ ಒಂದೇ: ‘ಎವರೇಜ್ ಎಷ್ಟ್ ಕೊಡ್ತದ?’ ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 450 ಮನೆಗೆ ಬಂದಾಗಿನಿಂದ ಪೆಟ್ರೋಲ್ ಪಂಪಿನಲ್ಲಿ, ಛಾ ಅಂಗಡಿಯ ಮುಂದೆ, ಮದುವೆ ಮನೆಯಲ್ಲಿ ನನಗೂ ಇದೇ ಪ್ರಶ್ನೆ. ಹೆದ್ದಾರಿಯಲ್ಲಿ ಒಂದೇ ಹದದಲ್ಲಿ ಹೋದರೆ ಲೀಟರಿಗೆ 30 ಕಿ.ಮೀ. ಆಸುಪಾಸು, ಊರೊಳಗೆ ಅದಕ್ಕಿಂತ ಕಡಿಮೆ. ಇಷ್ಟು ಹೇಳಿದರೆ ಕೇಳಿದವರ ಮುಖ ಸಪ್ಪಗಾಗುತ್ತದೆ. ಆದರೆ ಟ್ಯಾಂಕು 17 ಲೀಟರಿನದು. ಇಲ್ಲಿಂದ ಹೈದರಾಬಾದು ಹೆಚ್ಚೂಕಡಿಮೆ ನೂರೈವತ್ತು ಕಿ.ಮೀ., ತೆಲಂಗಾಣದಲ್ಲಿ ಪೆಟ್ರೋಲ್ ನಮಗಿಂತ ತುಟ್ಟಿ. ಇಲ್ಲೇ ತುಂಬಿಸಿಕೊಂಡು ಹೋಗಿ, ಅಲ್ಲಿ ಕೆಲಸ ಮುಗಿಸಿ, ಮನೆ ಮುಟ್ಟಿದ ಮೇಲೂ ಟ್ಯಾಂಕಿನಲ್ಲಿ ಎರಡು-ಮೂರು ದಿನದ ಓಡಾಟಕ್ಕೆ ಸಾಕಾಗುವಷ್ಟು ಉಳಿದಿರುತ್ತದೆ. ನನ್ನ ಲೆಕ್ಕದಲ್ಲಿ ಎವರೇಜಿಗಿಂತ ದೊಡ್ಡ ಅನುಕೂಲ ಇದು.

ನಮ್ಮ ಊರು ಎರಡು ಹೆದ್ದಾರಿಗಳು ಕೂಡುವ ಜಾಗ. ಪುಣೆ, ಸೋಲಾಪುರದ ಕಡೆಯಿಂದ ಹೈದರಾಬಾದಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 65 ಒಂದು. ಬೀದರಿನಿಂದ ಕಲಬುರಗಿ, ವಿಜಯಪುರದ ಕಡೆಗೆ ಇಳಿಯುವ 50 ಇನ್ನೊಂದು. ಹೀಗಾಗಿ ಇಲ್ಲಿನವರ ಪ್ರಯಾಣವೂ ನಾಲ್ಕು ದಿಕ್ಕಿನದು. ತುಳಜಾಪುರದ ಅಂಬಾಭವಾನಿ, ಗಾಣಗಾಪುರದ ದತ್ತ, ಕಲಬುರಗಿಯ ಶರಣಬಸವೇಶ್ವರ ಜಾತ್ರೆ, ಬಂದೇನವಾಜರ ಉರುಸು, ಸೋಲಾಪುರದ ದವಾಖಾನೆ, ಹೈದರಾಬಾದಿನ ನೆಂಟರು. ಬೆಳಿಗ್ಗೆ ಹೊರಟು ರಾತ್ರಿಗೆ ಮನೆ ಸೇರುವ ದಾರಿಗಳಿವು. ಒಬ್ಬರೇ ಹೋಗುವುದು ಕಡಿಮೆ, ಹಿಂದೆ ಯಾರಾದರೂ ಕೂತೇ ಇರುತ್ತಾರೆ. ಟೂರಿಂಗ್ ಬೈಕಿನ ಜಾಹೀರಾತುಗಳು ಹಿಮದ ಕಣಿವೆಯನ್ನೂ ಒಂಟಿ ಸವಾರನನ್ನೂ ತೋರಿಸುತ್ತವೆ. ನಾನು ಈ ಗಾಡಿಯನ್ನು ಅಳೆದದ್ದು ತುಳಜಾಪುರದ ದಾರಿಯಲ್ಲಿ, ಹೆಂಡತಿಯನ್ನು ಹಿಂದೆ ಕೂಡಿಸಿಕೊಂಡು.

ಎಂಜಿನ್ 452 ಸಿಸಿಯದು, ಸುಮಾರು 40 ಅಶ್ವಶಕ್ತಿ. ನೀರಿನಿಂದ ತಂಪಾಗುವ ಎಂಜಿನನ್ನು ಈ ಕಂಪನಿ ಮೊದಲ ಸಲ ಮಾರಾಟಕ್ಕಿಟ್ಟದ್ದು 2023ರ ನವೆಂಬರಿನಲ್ಲಿ, ಇದೇ ಗಾಡಿಯಲ್ಲಿ. ಹಳೆಯ 411 ಸಿಸಿ ಹಿಮಾಲಯನ್‌ಗೆ ಐದು ಗೇರು, 24 ಅಶ್ವಶಕ್ತಿ. ಇದಕ್ಕೆ ಆರು ಗೇರು. ಅಂಕಿಗಳ ವ್ಯತ್ಯಾಸ ಕೈಗೆ ಗೊತ್ತಾಗುವುದು ಉಮರ್ಗಾ ದಾಟಿದ ಮೇಲೆ, ಸಾಲಾಗಿ ಹೋಗುವ ಲಾರಿಗಳನ್ನು ಹಿಂದೆ ಹಾಕುವಾಗ. ಇಬ್ಬರು ಕೂತು ಮೇಲೊಂದು ಬ್ಯಾಗು ಇದ್ದರೂ ಗೇರು ಇಳಿಸದೆ, ಗಂಟೆಗೆ 70ರಿಂದ 90ಕ್ಕೆ ತಡವರಿಸದೆ ಏರುತ್ತದೆ. ನನಗೆ ಅದಕ್ಕಿಂತ ಹೆಚ್ಚು ಬೇಕಿಲ್ಲ. 90ರಲ್ಲಿ ಹ್ಯಾಂಡಲ್ ಹಿಡಿದ ಕೈ ಜೋಮು ಹಿಡಿಯುವುದಿಲ್ಲ, ಹಿಂದೆ ಕೂತವರ ಮಾತೂ ಕೇಳಿಸುತ್ತದೆ. ಗಾಡಿ 120 ದಾಟುತ್ತದೆ ಎನ್ನುವುದು ನಿಜ. ಟ್ರ್ಯಾಕ್ಟರು, ದನ, ಎದುರು ದಿಕ್ಕಿನಲ್ಲಿ ಬರುವ ಬೈಕು ಎಲ್ಲವೂ ಇರುವ ಹೆದ್ದಾರಿಯಲ್ಲಿ ಆ ಓಟಕ್ಕೆ ಅರ್ಥವಿಲ್ಲ.

ಮೊದಲ ಸರ್ವಿಸ್ 500 ಕಿ.ಮೀ.ಗೆ. ಅಲ್ಲಿಯವರೆಗೆ ಎಂಜಿನನ್ನು ಜಗ್ಗಾಡಬಾರದು, ಒಂದೇ ವೇಗದಲ್ಲಿ ಗಂಟೆಗಟ್ಟಲೆ ಓಡಿಸಲೂಬಾರದು. ಹೊಸ ಎಂಜಿನಿನ ಬಿಡಿಭಾಗಗಳು ಒಂದಕ್ಕೊಂದು ಹೊಂದಿಕೊಳ್ಳಲು ವೇಗ ಏರುತ್ತ ಇಳಿಯುತ್ತ ಇರಬೇಕು. ಇದಕ್ಕೆ ಹೆದ್ದಾರಿಗಿಂತ ಹಳ್ಳಿಯ ದಾರಿ ಎಷ್ಟೋ ಮೇಲು. ನಾವು ಜಲಸಂಗ್ವಿಗೆ ಹೋದೆವು, ಹಳ್ಳಿಖೇಡದ ಕಡೆಯಿಂದ ಕಾರಂಜಾ ಡ್ಯಾಮಿಗೆ ಹೋದೆವು, ಬಸವಕಲ್ಯಾಣದ ಕೋಟೆ ನೋಡಿ ಬಂದೆವು. ಜಲಸಂಗ್ವಿಯ ಕಲ್ಮೇಶ್ವರ ಗುಡಿಯ ಹೊರಗೋಡೆಯಲ್ಲಿ ಶಾಸನ ಬರೆಯುತ್ತಿರುವ ಶಿಲಾಬಾಲಿಕೆ ಇದ್ದಾಳೆ. ಆಕೆ ಕೆತ್ತುತ್ತಿರುವ ಸಾಲು ಚಾಲುಕ್ಯ ವಿಕ್ರಮಾದಿತ್ಯನ ಹೊಗಳಿಕೆ. ಊರಿನಿಂದ ಇಷ್ಟು ಹತ್ತಿರವಿದ್ದರೂ ನೋಡದೇ ಉಳಿದವರು ನಮ್ಮಲ್ಲಿ ಬಹಳ. ಹೊಸ ಗಾಡಿ ತಂದವರು ಮೊದಲ ಪೆಟ್ರೋಲನ್ನು ಆ ಕಡೆಗೆ ಖರ್ಚು ಮಾಡಲಿ ಎಂದು ಮನಸಾರೆ ಹೇಳುತ್ತೇನೆ.

ಹಳ್ಳಿ ದಾರಿಯಲ್ಲೇ ಗಾಡಿಯ ನಿಜವಾದ ಗುಣ ಗೊತ್ತಾಗುವುದು. ಮುಂದಿನ ಚಕ್ರ 21 ಇಂಚಿನದು, ನೆಲದಿಂದ 230 ಮಿ.ಮೀ. ಎತ್ತರ. ಡಾಂಬರು ಕಿತ್ತ ಗುಂಡಿಯಲ್ಲಿ ದೊಡ್ಡ ಚಕ್ರ ಬೀಳುವುದಿಲ್ಲ, ದಾಟುತ್ತದೆ. ಸಣ್ಣ ಚಕ್ರದ ಗಾಡಿಯಲ್ಲಿ ಇದೇ ದಾರಿಗೆ ಸಂಜೆ ಹೊತ್ತಿಗೆ ಸೊಂಟ ಹಿಡಿಯುತ್ತಿತ್ತು. ರಾಶಿಯ ಕಾಲದಲ್ಲಿ ಸೋಯಾ, ತೊಗರಿಯ ಹೊಟ್ಟನ್ನು ರಸ್ತೆಯ ಮೇಲೇ ಹರಡಿರುತ್ತಾರೆ. ಅದರ ಮೇಲೆ ಬ್ರೇಕು ಒತ್ತಿದರೆ ಚಕ್ರ ಕಚ್ಚಿಕೊಂಡು ಜಾರುವುದು ಎಲ್ಲರಿಗೂ ಗೊತ್ತು. ಎರಡೂ ಚಕ್ರಕ್ಕೆ ಎಬಿಎಸ್ ಇರುವುದರಿಂದ ಚಕ್ರ ಪೂರ್ತಿ ಕಚ್ಚಿಕೊಳ್ಳುವುದಿಲ್ಲ. ಕಾಲಿನ ಕೆಳಗೆ ಪೆಡಲು ಟಕಟಕ ಎಂದು ನಡುಗುತ್ತದೆ, ಗಾಡಿ ನೇರವಾಗಿ ನಿಲ್ಲುತ್ತದೆ. ಹಿಂದಿನ ಚಕ್ರದ ಎಬಿಎಸ್ ಬಂದ್ ಮಾಡುವ ಸೌಲಭ್ಯವೂ ಇದೆ. ಅದು ಕಲ್ಲುಮಣ್ಣಿನ ಏರಿಳಿತದಲ್ಲಿ ಪಳಗಿದವರಿಗೆ ಇಟ್ಟದ್ದು. ನಮ್ಮ ದಾರಿಯಲ್ಲಿ ಅದನ್ನು ಮುಟ್ಟಬೇಡಿ.

ಎರೆಮಣ್ಣಿನ ಮಾತು ಬೇರೆ. ಮಳೆ ಬಿದ್ದ ಮೇಲೆ ಹೊಲದ ದಾರಿಗೆ ಇಳಿದರೆ ಯಾವ ಗಾಡಿಗೂ ಬಿಡುಗಡೆ ಇಲ್ಲ. ಮಣ್ಣು ಟೈರಿಗೆ ಸುತ್ತಿ, ಮಡ್‌ಗಾರ್ಡಿನ ಒಳಗೆ ತುಂಬಿ, ಚೈನಿನಲ್ಲಿ ಕೂತು ಒಣಗಿ ಕಲ್ಲಾಗುತ್ತದೆ. ಮನೆಗೆ ಬಂದ ಕೂಡಲೇ, ಹಸಿ ಇರುವಾಗಲೇ, ಕಟ್ಟಿಗೆಯ ಚಕ್ಕೆಯಿಂದ ಕೆರೆದು ತೆಗೆಯುತ್ತೇನೆ. ಚೈನನ್ನು ಸೀಮೆಎಣ್ಣೆ ಹಚ್ಚಿದ ಬ್ರಷ್ಷಿನಿಂದ ತಿಕ್ಕಿ, ಒಣಗಿಸಿ, ಚೈನ್ ಲೂಬ್ ಹೊಡೆಯುತ್ತೇನೆ. ನೀರಿನಿಂದ ತಂಪಾಗುವ ಗಾಡಿಗೆ ಇನ್ನೊಂದು ಕೆಲಸ ಹೆಚ್ಚು. ಮುಂದಿನ ರೇಡಿಯೇಟರಿನ ತೆಳುವಾದ ಪದರುಗಳ ನಡುವೆ ಕೆಸರು, ಹೊಟ್ಟು, ಹುಳ ಸಿಕ್ಕಿಕೊಂಡರೆ ಗಾಳಿ ಹಾಯುವುದಿಲ್ಲ, ಫ್ಯಾನು ಬಿಡದೆ ತಿರುಗುತ್ತದೆ. ವಾಶಿಂಗ್ ಸೆಂಟರಿನ ಪ್ರೆಶರ್ ಪೈಪನ್ನು ಅದರ ಮೇಲೆ ಹಿಡಿಯಲು ಬಿಡಬಾರದು, ಪದರು ಮಡಚಿಹೋಗುತ್ತದೆ. ಮನೆಯ ನಳದ ನೀರು ಸಾಕು. ಏಪ್ರಿಲ್-ಮೇ ತಿಂಗಳಲ್ಲಿ ನಮ್ಮ ಕಡೆ ಬಿಸಿಲು 40 ಡಿಗ್ರಿ ದಾಟುತ್ತದೆ. ಆ ಹೊತ್ತಿನಲ್ಲಿ ಊರೊಳಗಿನ ಗದ್ದಲದಲ್ಲಿ ನಿಂತರೆ ಎಂಜಿನಿನ ಬಿಸಿಗಾಳಿ ಕಾಲಿಗೆ ತಟ್ಟುವುದು ಸಹಜ. ಬೇಸಿಗೆಯಲ್ಲಿ ನಸುಕಿನಲ್ಲೇ ಹೊರಡುವುದು ಗಾಡಿಗೂ ಒಳ್ಳೆಯದು, ಸವಾರನಿಗೂ ಒಳ್ಳೆಯದು.

ಈಗ ಹಿಂದೆ ಕೂಡುವವರ ಮಾತು. ಸವಾರನ ಸೀಟೇ 825 ಮಿ.ಮೀ. ಎತ್ತರ, ಹಿಂದಿನ ಸೀಟು ಅದಕ್ಕೂ ಮೇಲೆ. ಮೊದಲ ದಿನ ನನ್ನ ಹೆಂಡತಿ ಗಾಡಿಯನ್ನು ಒಂದು ಸುತ್ತು ನೋಡಿ, ‘ಏನ್ ರೀ, ಗಾಡಿ ತಂದೀರೋ ಒಂಟಿ ತಂದೀರೋ’ ಎಂದಳು. ಸೀರೆ ಉಟ್ಟು ಒಂದೇ ಬದಿಗೆ ಕೂಡುವ ರೂಢಿ ಈ ಗಾಡಿಗೆ ಒಗ್ಗುವುದಿಲ್ಲ. ಭಾರ ಒಂದು ಕಡೆ ಎಳೆಯುತ್ತದೆ, ಹೆದ್ದಾರಿಯಲ್ಲಿ ಲಾರಿಯ ಗಾಳಿ ಬಡಿದರೆ ಕೂತವರಿಗೆ ಹಿಡಿತ ಸಿಗುವುದಿಲ್ಲ. ಹಿಂದಿನವರಿಗೆ ಹಿಡಿಕೆ, ಕಾಲಿಡಲು ಪೆಡಲು, ಚಕ್ರಕ್ಕೆ ಬಟ್ಟೆ ಸಿಗದ ಹಾಗೆ ಗಾರ್ಡು ಇರಬೇಕೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮವೇ ಹೇಳುತ್ತದೆ. ಅಂದಕ್ಕೆ ಅಡ್ಡ ಎಂದು ಆ ಗಾರ್ಡನ್ನು ಬಿಚ್ಚಿಸುವ ಹುಡುಗರಿಗೆ ಕೈ ಮುಗಿದು ಹೇಳುತ್ತೇನೆ, ಬಿಚ್ಚಿಸಬೇಡಿ. ನಾವು ಒಂದು ಕ್ರಮ ಮಾಡಿಕೊಂಡಿದ್ದೇವೆ. ನಾನು ಎರಡೂ ಕಾಲು ಊರಿ, ಮುಂದಿನ ಬ್ರೇಕು ಹಿಡಿದು ‘ಹ್ಞೂಂ’ ಎಂದ ಮೇಲೆಯೇ ಅವಳು ನನ್ನ ಹೆಗಲ ಮೇಲೆ ಕೈ ಇಟ್ಟು, ಎಡಗಾಲನ್ನು ಪೆಡಲಿನ ಮೇಲೆ ಇಟ್ಟು ಹತ್ತುತ್ತಾಳೆ. ದೂರದ ದಾರಿಗೆ ಚೂಡಿದಾರ, ಇಬ್ಬರಿಗೂ ಹೆಲ್ಮೆಟು. ಇಬ್ಬರು ಕೂಡುವಾಗ ಹಿಂದಿನ ಶಾಕಪ್ಸು ಬಿಗಿ ಮಾಡಿಸಿ, ಗಾಡಿಯ ಪುಸ್ತಕದಲ್ಲಿ ಬರೆದಷ್ಟು ಹವಾ ಹಾಕಿಸಿದರೆ ಗಾಡಿ ಹಿಂದಕ್ಕೆ ಕುಸಿಯುವುದಿಲ್ಲ, ಹೆಡ್‌ಲೈಟು ಎದುರಿನವರ ಕಣ್ಣಿಗೆ ಹೊಡೆಯುವುದಿಲ್ಲ. ಇಷ್ಟಾದರೂ ಮೊಣಕಾಲು ನೋವಿರುವ ನಮ್ಮ ಅವ್ವನಿಗೆ ಇದು ಹೊಂದುವುದಿಲ್ಲ. ಆಕೆಗೆ ಊರ ಪಕ್ಕದ ಮಾಣಿಕನಗರಕ್ಕೆ ಹೋಗಲು ಮನೆಯ ಸ್ಕೂಟಿಯೇ ಸರಿ.

ರಿಪೇರಿಯ ವಿಚಾರವನ್ನು ಕೊಳ್ಳುವ ಮೊದಲೇ ಯೋಚಿಸಬೇಕು. ಯೆಜ್ಡಿ ಬೈಕು ಮಾಡುತ್ತಿದ್ದ ಮೈಸೂರಿನ ಐಡಿಯಲ್ ಜಾವಾ 1996ರಲ್ಲಿ ಮುಚ್ಚಿತು, ಆದರೂ ಯೆಜ್ಡಿಯ ಸದ್ದು ಕೇಳಿಯೇ ರೋಗ ಹೇಳುವ ಮಿಸ್ತ್ರಿಗಳು ಆಮೇಲೂ ಎಷ್ಟೋ ವರ್ಷ ಊರೂರಲ್ಲಿ ಇದ್ದರು. ಈ ಗಾಡಿಯಲ್ಲಿ ಎಕ್ಸಿಲೇಟರಿಗೆ ಕೇಬಲ್ಲೇ ಇಲ್ಲ, ಎಲ್ಲ ವೈರು ಮತ್ತು ಸೆನ್ಸರು. ಕಿವಿಯಿಂದ ಹಿಡಿಯುವ ರೋಗವಲ್ಲ, ಕಂಪ್ಯೂಟರ್ ಜೋಡಿಸಿ ನೋಡಬೇಕು. ಪಂಚರಿನದೂ ಹಾಗೇ. ಮೊದಲು ಬಂದ ಹಿಮಾಲಯನ್ 450ಗಳಿಗೆ ಟ್ಯೂಬಿನ ಟೈರು. ಹಿಂದಿನ ಚಕ್ರ ಬಿಚ್ಚಿ ಟ್ಯೂಬು ತೆಗೆಯುವುದು ರಾತ್ರಿಯ ಹೆದ್ದಾರಿಯಲ್ಲಿ ಮಾಡುವ ಕೆಲಸವಲ್ಲ. ಆಮೇಲೆ ಟ್ಯೂಬ್‌ಲೆಸ್ ಸ್ಪೋಕ್ ಚಕ್ರ ಬಂತು. ನಾನು ಹೆಚ್ಚಿನ ದುಡ್ಡು ಕೊಟ್ಟು ಅದನ್ನೇ ಆರಿಸಿಕೊಂಡೆ. ಪಂಚರ್ ಕಿಟ್ಟು ಮತ್ತು ಹವಾ ಹಾಕುವ ಸಣ್ಣ ಪಂಪು ಸೀಟಿನ ಹಿಂದಿನ ಬ್ಯಾಗಿನಲ್ಲಿ ಸದಾ ಇರುತ್ತವೆ. ದೊಡ್ಡ ಲೈಟು, ಸದ್ದಿನ ಸೈಲೆನ್ಸರು, ಸ್ಟಿಕರು, ಯಾವುದಕ್ಕೂ ಇವೆರಡರಷ್ಟು ಬೆಲೆ ಇಲ್ಲ.

ರಾತ್ರಿ ಸವಾರಿಯನ್ನು ಕಬ್ಬಿನ ಹಂಗಾಮಿನಲ್ಲಿ ನಾನು ಪೂರ್ತಿ ಬಿಟ್ಟಿದ್ದೇನೆ. ಎರಡು ಟ್ರಾಲಿ ಎಳೆಯುವ ಟ್ರ್ಯಾಕ್ಟರು, ಹಿಂದೆ ದೀಪವಿಲ್ಲ, ಕೆಂಪು ರಿಫ್ಲೆಕ್ಟರ್ ಪಟ್ಟಿಯೂ ಇಲ್ಲ, ಹೊರಗೆ ಚಾಚಿದ ಕಬ್ಬಿನ ಜಲ್ಲೆ. ಎದುರಿನಿಂದ ಲಾರಿಯ ಬೆಳಕು ಕಣ್ಣಿಗೆ ಬಿದ್ದ ಗಳಿಗೆಯಲ್ಲಿ ಆ ಟ್ರಾಲಿ ಕಾಣುವುದೇ ಇಲ್ಲ. ಇಲ್ಲಿ ಎಬಿಎಸ್ಸೂ ಕಾಯುವುದಿಲ್ಲ, ಎಲ್‌ಇಡಿ ಲೈಟೂ ಕಾಯುವುದಿಲ್ಲ. ಸಕ್ಕರೆ ಕಾರ್ಖಾನೆಯವರು ಹಂಗಾಮು ಶುರುವಾಗುವ ಮೊದಲು ಪ್ರತಿ ಟ್ರಾಲಿಗೆ ಪಟ್ಟಿ ಅಂಟಿಸಿದರೆ ಎಷ್ಟೋ ಮನೆಗಳು ಉಳಿಯುತ್ತವೆ.

ಬೆಲೆಯ ಮಾತನ್ನೂ ಹೇಳಿಬಿಡುತ್ತೇನೆ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕಿಗೆ ಜಿಎಸ್‌ಟಿ ಶೇ 18ಕ್ಕೆ ಇಳಿಯಿತು, ಅದಕ್ಕಿಂತ ದೊಡ್ಡದಕ್ಕೆ ಶೇ 40 ಆಯಿತು. ಹೀಗಾಗಿ ಇವೆರಡರ ಬೆಲೆಯ ನಡುವಿನ ಅಂತರ ದೊಡ್ಡದಾಗಿದೆ. ಊರೊಳಗಿನ ಓಡಾಟ, ವರ್ಷಕ್ಕೊಮ್ಮೆ ಜಾತ್ರೆ, ಇಷ್ಟೇ ಇದ್ದರೆ 350ರ ಒಳಗಿನ ಗಾಡಿ ತೆಗೆದುಕೊಂಡು ಉಳಿದ ದುಡ್ಡಿಗೆ ಒಳ್ಳೆಯ ಹೆಲ್ಮೆಟು, ಜಾಕೆಟ್ಟು ಕೊಳ್ಳಿ. ವಾರವಾರವೂ ದೂರ ಹೋಗುವವರು, ಕೆಟ್ಟ ದಾರಿಯಲ್ಲಿ ದುಡಿಯುವವರು, ಹತ್ತಿರದಲ್ಲಿ ಸರ್ವಿಸ್ ಸೆಂಟರ್ ಇರುವವರು ಹಿಮಾಲಯನ್ ತೆಗೆದುಕೊಳ್ಳಬಹುದು. ಅದಕ್ಕೆ ಕೊಟ್ಟ ದುಡ್ಡು ದಾರಿಯಲ್ಲಿ ವಾಪಸ್ ಬರುತ್ತದೆ ಎಂಬುದು ನನ್ನ ಅನುಭವ. ಆದರೆ ಶೋರೂಮಿಗೆ ಟೆಸ್ಟ್ ರೈಡಿಗೆ ಹೋಗುವಾಗ ಒಬ್ಬರೇ ಹೋಗಬೇಡಿ. ನಾಳೆ ಹಿಂದೆ ಕೂಡುವವರನ್ನು ಕರೆದುಕೊಂಡು ಹೋಗಿ, ಹತ್ತಿಸಿ, ಇಳಿಸಿ, ಒಂದು ಐದು ಕಿ.ಮೀ. ಸುತ್ತಿಸಿ, ಅವರು ಹ್ಞೂಂ ಎಂದ ಮೇಲೆಯೇ ಮುಂಗಡ ಕಟ್ಟಿ.