ಸಬ್‌ವೂಫರ್ ಬಂತು, ಕ್ರಾಸ್‌ಓವರ್ ಎಲ್ಲಿ?

ಸಬ್‌ವೂಫರ್ ಕೊಳ್ಳಲು ಹೋದವರು ಎಂಟು ಇಂಚೋ ಹತ್ತು ಇಂಚೋ ಎಂದು ವಿಚಾರಿಸುತ್ತಾರೆ. ಕ್ರಾಸ್‌ಓವರ್ ಹೇಗೆ ಎಂದು ಕೇಳುವವರು ಕಡಿಮೆ. ಡಗ್ಗಾದ ಗುಮುಕು ಪೂರ್ತಿ ನಾಲ್ಕಿಂಚಿನ ಬುಕ್‌ಶೆಲ್ಫ್ ಸ್ಪೀಕರಿಗೂ ಹೋಗುತ್ತಿದ್ದರೆ ಅದು ಒದ್ದಾಡುತ್ತದೆ, ಹಾಡುಗಾರನ ದನಿ ಮಸುಕಾಗುತ್ತದೆ. ಸುಮಾರು 80 ಹರ್ಟ್ಸ್‌ಗಿಂತ ಕೆಳಗಿನದು ಸಬ್‌ಗೆ, ಮೇಲಿನದು ಸ್ಪೀಕರಿಗೆ ಎಂದು ಪಾಲು ಮಾಡಬೇಕು. ಅದೇ ಕ್ರಾಸ್‌ಓವರ್‌ನ ಕೆಲಸ.

ಮೊದಲು ಮನೆಯಲ್ಲಿ ಏನಿದೆ ನೋಡಿ. ಎವಿ ರಿಸೀವರ್ ಇದ್ದರೆ ಖರ್ಚೇ ಇಲ್ಲ: ಸೆಟ್ಟಿಂಗಿನಲ್ಲಿ ಸ್ಪೀಕರನ್ನು ‘ಸ್ಮಾಲ್’ ಮಾಡಿ, 80 ಕೊಡಿ. ಸಬ್‌ನ ಹಿಂದಿರುವ ತಿರುಗುಣಿ ಸಬ್‌ಗೆ ಹೋಗುವುದನ್ನು ಮಾತ್ರ ಕತ್ತರಿಸುತ್ತದೆ, ಸ್ಪೀಕರಿಗೆ ಹೋಗುವುದನ್ನಲ್ಲ. ಬಹಳ ಮಂದಿ ಎಡವುವುದು ಇಲ್ಲೇ.

ರಿಸೀವರ್ ಇಲ್ಲದವರು ಅಂಗಡಿಗೆ ಹೋಗಬೇಕು. ಅಲ್ಲಿ ಬರೀ ‘ಕ್ರಾಸ್‌ಓವರ್ ಕೊಡಿ’ ಅಂದರೆ ತಾಮ್ರದ ಸುರುಳಿಯ ಬೋರ್ಡು ಕೈಗಿಟ್ಟಾರು. ಅದು ಟ್ವೀಟರಿಗೂ ವೂಫರಿಗೂ ಸಾವಿರಾರು ಹರ್ಟ್ಸ್‌ನಲ್ಲಿ ಪಾಲು ಮಾಡುವಂಥದ್ದು. ನಮಗೆ ಬೇಡ.

ನಮಗೆ ಬೇಕಾದದ್ದು ಎರಡು ಪಾಲಿಯೆಸ್ಟರ್ ಕೆಪಾಸಿಟರ್, ಕೆಲವೇ ರೂಪಾಯಿಯ ಬಾಬತ್ತು. ಗಂಗಾವತಿ, ಕೊಪ್ಪಳದ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲೋ ಕುಷ್ಟಗಿ, ಯಲಬುರ್ಗಾದ ಮೈಕ್‌ಸೆಟ್ ರಿಪೇರಿಯವರಲ್ಲೋ ವಿಚಾರಿಸಿ. ಇಲ್ಲದಿದ್ದರೆ ಹುಬ್ಬಳ್ಳಿಯಿಂದ ತರಿಸಿ. ಆಂಪ್ಲಿಫೈಯರ್ ಕೈಪಿಡಿಯಲ್ಲಿ ಇನ್‌ಪುಟ್ ಇಂಪೀಡೆನ್ಸ್ ನೋಡಿಕೊಳ್ಳಿ: 10 ಕಿಲೋ ಓಮ್‌ಗೆ 0.22 ಮೈಕ್ರೋಫ್ಯಾರಡ್, 22ಕ್ಕೆ 0.1, 47ಕ್ಕೆ 0.047. ಮೂರರಲ್ಲೂ ಕಡಿತ ಸುಮಾರು 72 ಹರ್ಟ್ಸ್‌ಗೆ ಬೀಳುತ್ತದೆ.

ಮೊಬೈಲ್ ಅಥವಾ ಟಿವಿಯಿಂದ ಬರುವ ವೈರನ್ನು ವೈ-ಕೇಬಲ್‌ನಲ್ಲಿ ಕವಲೊಡೆಸಿ, ಒಂದು ಕವಲು ನೇರ ಸಬ್‌ಗೆ ಕೊಡಿ. ಆಂಪ್ಲಿಫೈಯರ್‌ಗೆ ಹೋಗುವ ಕವಲಿನಲ್ಲಿ ಎಡಕ್ಕೊಂದು, ಬಲಕ್ಕೊಂದು ಕೆಪಾಸಿಟರ್. ನಡುವಿನ ತಂತಿಯನ್ನಷ್ಟೇ ಕತ್ತರಿಸಿ ಎರಡು ತುದಿಗಳ ನಡುವೆ ಬೆಸೆಯಿರಿ. ಸುತ್ತಲಿನ ಹೆಣಿಗೆ ತಂತಿ ಹಾಗೇ ಇರಲಿ. ಇನ್ನು ಮುಂದೆ ವಾಲ್ಯೂಮ್ ಏರಿಸಿ ಇಳಿಸುವುದು ಮೊಬೈಲ್, ಟಿವಿಯಲ್ಲೇ. ಆಂಪ್ಲಿಫೈಯರ್‌ನಲ್ಲಿ ಮುಟ್ಟಿದರೆ ಸ್ಪೀಕರ್ ಇಳಿದರೂ ಸಬ್ ಇಳಿಯದು.

ಈ ಕಡಿತ ಮೆಲ್ಲನೆಯದು, ಆಕ್ಟೇವ್‌ಗೆ 6 ಡೆಸಿಬೆಲ್ ಮಾತ್ರ. 24 ಡೆಸಿಬೆಲ್ ಬೇಕೆಂದರೆ ಬೆಹ್ರಿಂಜರ್ ಸಿಎಕ್ಸ್2310ರಂಥ ಆಕ್ಟಿವ್ ಕ್ರಾಸ್‌ಓವರ್ ಇದೆ. ಅದಕ್ಕೆ ಮೈಕ್‌ಸೆಟ್ಟಿನ ಎಕ್ಸ್‌ಎಲ್‌ಆರ್ ವೈರು ಬೇಕಾಗುತ್ತದೆ. ನನ್ನ ಕೇಳಿದರೆ, ಚಿಕ್ಕ ಕೋಣೆಗೆ ಮೊದಲು ಕೆಪಾಸಿಟರ್ ಸಾಕು.

ಇನ್ನು ಜಾಗ. ಆರ್‌ಸಿಸಿ ಸ್ಲ್ಯಾಬಿನ, ಟೈಲ್ಸ್ ಹಾಕಿದ ಹನ್ನೆರಡು ಅಡಿಯ ಕೋಣೆ 47 ಹರ್ಟ್ಸ್ ಆಸುಪಾಸಿನಲ್ಲಿ ತಾನೇ ಗುಂಯ್‌ಗುಡುತ್ತದೆ. ಸಬ್ಬನ್ನು ನೀವು ಕೂರುವ ಕುರ್ಚಿಯ ಮೇಲಿಟ್ಟು ತಬಲಾ ಹಚ್ಚಿ, ಗೋಡೆಗುಂಟ ಬಗ್ಗಿ ನಡೆಯಿರಿ (ಮನೆಯವರು ನಕ್ಕರೆ ನಗಲಿ). ಡಗ್ಗಾ ಎಲ್ಲಿ ಬಿಗಿಯಾಗಿ ಕೇಳುತ್ತದೋ ಅಲ್ಲೇ ಸಬ್ ಇಡಿ. ಸಬ್‌ನ ಫೇಸ್ ಸ್ವಿಚ್ಚನ್ನು 0ಗೂ 180ಕ್ಕೂ ಬದಲಿಸಿ ನೋಡಿ, ಬಾಸ್ ತುಂಬಿ ಬರುವ ಕಡೆ ಬಿಡಿ.

ಕೊನೆಗೆ ಭೀಮಸೇನ ಜೋಶಿಯವರ ದಾಸರಪದ ಹಚ್ಚಿ. ದನಿ ಎರಡು ಸ್ಪೀಕರ್ ನಡುವೆ ನಿಲ್ಲಬೇಕು. ಸಬ್ ಇರುವ ಮೂಲೆಯಿಂದ ಕೇಳಿದರೆ ಅದರ ತಿರುಗುಣಿ ಇನ್ನೂ ಮೇಲಿದೆ, 70ರ ಹತ್ತಿರಕ್ಕೆ ಇಳಿಸಿ.